ಕಂಬಕ್ಕೂ ಗೋಡೆಗೂ ನಡುವಣ ಲೋಹಬಂಧ

ಗೋಡೆಯೆಂಬುದು ಹೊರಗಿನ ಕಣ್ಣಿಗೆ ಒಂದೇ ವಸ್ತುವಾಗಿ ತೋರುವುದು. ಆದರೆ ಅನೇಕ ಮನೆಗಳಲ್ಲಿ ಅದು ವಾಸ್ತವವಾಗಿ ಎರಡು: ಮಾಡಿನ ಭಾರವನ್ನು ಹೊರುವ ಮರದ ಚೌಕಟ್ಟು ಒಂದು, ಅದನ್ನು ಹೊರಗಿನಿಂದ ಮುಚ್ಚುವ ಕಲ್ಲಿನ ಅಥವಾ ಇಟ್ಟಿಗೆಯ ಆವರಣ ಇನ್ನೊಂದು. ಇವೆರಡನ್ನೂ ಒಂದಕ್ಕೊಂದು ಕಟ್ಟುವ ಸಾಧನ ಯಾವುದು, ಅದು ಎಷ್ಟು ಕಾಲ ಬಾಳುವುದು ಎಂಬುದು ಕೇವಲ ವಾಸ್ತುಶಿಲ್ಪಿಗಳ ಪ್ರಶ್ನೆಯೆಂದು ಭಾವಿಸುವುದು ರೂಢಿ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗಾದರೋ ಇದು ಎರಡು ಕಡೆಗಳಿಂದ ಸಮೀಪದ ಪ್ರಶ್ನೆ. ಅವರಲ್ಲಿ ಎಷ್ಟೋ ಜನರ ಪೂರ್ವಿಕರ ಮನೆಗಳು ಕಲಬುರಗಿ, ಬೀದರ ಸೀಮೆಗಳಲ್ಲಿ ಮಾಳಿಗೆಯ ಮನೆಗಳಾಗಿ ನಿಂತಿವೆ. ಅವರ ಮಕ್ಕಳಲ್ಲಿ ಕೆಲವರು ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಮರದ ಚೌಕಟ್ಟಿಗೆ ಇಟ್ಟಿಗೆ ಹೊದಿಸಿದ ಮನೆಗಳಲ್ಲಿ ವಾಸವಾಗಿದ್ದಾರೆ.

ಮಾಳಿಗೆಯ ಮನೆಯ ರಚನೆ ಬಲ್ಲವರಿಗೆ ಹೊಸದಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಮೊಳದುದ್ದಕ್ಕೂ ಮಣ್ಣು ಹೇರಲಾಗುವುದು. ಎರಡು ಕಂಬಗಳ ನಡುವಣ ಅವಕಾಶಕ್ಕೆ ಕನ್ನಡದಲ್ಲಿ ಅಂಕಣವೆಂದೂ ಮರಾಠಿಯಲ್ಲಿ ಖಣವೆಂದೂ ಹೆಸರು. ಕಲ್ಲುಗೋಡೆ ಈ ಚೌಕಟ್ಟಿನ ಹೊರಗೆ ಮಣ್ಣಿನ ಗಾರೆಯಲ್ಲಿ ಬಲು ದಪ್ಪನಾಗಿ ಏಳುವುದು. ಅದು ಬಿಸಿಲನ್ನೂ ಕಳ್ಳರನ್ನೂ ತಡೆಯುವುದೇ ಹೊರತು ಮಾಳಿಗೆಯನ್ನು ಮುಖ್ಯವಾಗಿ ಹೊರುವುದಿಲ್ಲ. ಬಹುಮಟ್ಟಿಗೆ ಚೌಕಟ್ಟಿಗೆ ಅಂಟಿಕೊಂಡೂ ಇರುವುದಿಲ್ಲ.

ಈ ರಚನೆಯ ಕ್ರೂರ ಪರೀಕ್ಷೆ ನಡೆದದ್ದು 1993ರ ಸೆಪ್ಟೆಂಬರ್ 30ರಂದು, ಅನಂತ ಚತುರ್ದಶಿಯ ಮರುದಿನ, ಬೆಳಗಿನ ಜಾವ 4 ಗಂಟೆಗೆ ಕೆಲವೇ ನಿಮಿಷಗಳಿರುವಾಗ. ಲಾತೂರ ಜಿಲ್ಲೆಯ ಕಿಲ್ಲಾರಿ ಆ ಭೂಕಂಪದ ಕೇಂದ್ರ. ಅದು ಕಲಬುರಗಿಗೆ ನೇರ ದೂರದಲ್ಲಿ 80 ಕಿಲೋಮೀಟರುಗಳಷ್ಟು ಮಾತ್ರ. ಹಿಂದಿನ ಹೈದರಾಬಾದ್ ಸಂಸ್ಥಾನದ ನೆಲವೇ. ಕಂಪನದ ಪ್ರಮಾಣ ಸುಮಾರು 6.2. ಇದಕ್ಕಿಂತ ಪ್ರಬಲವಾದ ಕಂಪನಗಳಲ್ಲಿಯೂ ಇಷ್ಟು ಜನ ಸಾಯದೆ ಇದ್ದುದುಂಟು. ಇಲ್ಲಿ ಸುಮಾರು 8,000 ಜನ ಸತ್ತರು. ಅಂದಿನ ನಕ್ಷೆಯ ಪ್ರಕಾರ ಈ ಪ್ರದೇಶ ಅತ್ಯಂತ ಕಡಮೆ ಅಪಾಯದ ಒಂದನೆಯ ವಲಯದಲ್ಲಿತ್ತು; ಆ ವಲಯವನ್ನೇ 2002ರ ಪರಿಷ್ಕರಣೆಯಲ್ಲಿ ತೆಗೆದುಹಾಕಲಾಯಿತು.

ಕೊಂದದ್ದು ಭೂಮಿಯಲ್ಲ, ಗೋಡೆ ಎಂದರೆ ತಪ್ಪಾಗದು. ದಪ್ಪ ಕಲ್ಲುಗೋಡೆಯೆಂದು ತೋರುತ್ತಿದ್ದುದು ಒಳಮೈ, ಹೊರಮೈ ಎಂಬ ಎರಡು ತೆಳುಗೋಡೆಗಳಾಗಿತ್ತು. ನಡುವೆ ಜಲ್ಲಿ ಮಣ್ಣು ತುಂಬಿತ್ತು. ಎರಡನ್ನೂ ಅಡ್ಡಹಾಯ್ದು ಹಿಡಿಯುವ ಉದ್ದಗಲ್ಲು ಇರಲಿಲ್ಲ. ನೆಲ ಅಲುಗಿದೊಡನೆ ನಡುವಣ ತುಂಬು ಕೆಳಕ್ಕೆ ಕುಸಿದು ಎರಡೂ ಮೈಗಳನ್ನು ಬೆಣೆಯಂತೆ ಅಗಲಿಸಿತು; ಹೊರಮೈ ಬೀದಿಗೂ ಒಳಮೈ ಮಲಗಿದ್ದವರ ಮೇಲೂ ಬಿದ್ದಿತು. ಆದರೆ ಚೌಕಟ್ಟು ಚೆನ್ನಾಗಿ ಕೂಡಿಕೊಂಡಿದ್ದ ಕೆಲವು ಮನೆಗಳಲ್ಲಿ ಗೋಡೆಗಳೆಲ್ಲ ಉರುಳಿದರೂ ಕಂಬಗಳೂ ಮಾಳಿಗೆಯೂ ನಿಂತಿದ್ದವು. ಮರವು ಬಳುಕಿ ಉಳಿಯಿತು, ಅದಕ್ಕೆ ಕಟ್ಟದೆ ಬಿಟ್ಟ ಕಲ್ಲು ಉಳಿಯಲಿಲ್ಲ.

ಅದೇ 1993ರ ಭಾರತೀಯ ಮಾನಕ 13828 ಈ ಬಗೆಯ ಗೋಡೆಗಳಿಗೆ ವಿಧಿಸುವ ಮದ್ದು ಸರಳವಾದುದು. ಗೋಡೆ 450 ಮಿಲಿಮೀಟರಿಗಿಂತ ದಪ್ಪವಿರಕೂಡದು. ಎತ್ತರದಲ್ಲಿ ಪ್ರತಿ 600 ಮಿಲಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ, ಎರಡೂ ಮೈ ಮುಟ್ಟುವ ಬಂಧಕ ಕಲ್ಲು ಇರಬೇಕು. ಅಂತಹ ಕಲ್ಲು ಸಿಕ್ಕದ ಕಡೆ 8ರಿಂದ 10 ಮಿಲಿಮೀಟರು ದಪ್ಪದ ಉಕ್ಕಿನ ಸಲಾಕೆಯನ್ನು ತುದಿ ಮಡಿಸಿ ಕೊಕ್ಕೆಯಂತೆ ಇಡಬಹುದು.

ಇಂತಹದೇ ಕೊಕ್ಕೆ ಹೊರದೇಶಗಳ ಇಟ್ಟಿಗೆ ಹೊದಿಕೆಯ ಮನೆಗಳಲ್ಲಿ ಸೂಕ್ಷ್ಮರೂಪದಲ್ಲಿ ಕಾಣುವುದು. ಅಲ್ಲಿ ಮರದ ನಿಲುಗಂಬಗಳ ಮುಂದೆ ಎರಡು ಬೆರಳಗಲದ ಬರಿದಾದ ಸಂದು ಬಿಟ್ಟು, ಒಂದೇ ಇಟ್ಟಿಗೆಯಗಲದ ಮುಖಗೋಡೆಯನ್ನು ಕಟ್ಟುವರು. ಸಂದು ಬಿಡುವುದು ಮಳೆಯ ನೀರು ಮರವನ್ನು ಮುಟ್ಟದಿರಲೆಂದು. 110 ಮಿಲಿಮೀಟರಿನ ಇಂತಹ ಗೋಡೆ ಪ್ರತಿ ಚದರ ಮೀಟರಿಗೆ 200 ಕಿಲೋಗ್ರಾಮಿನಷ್ಟು ತೂಗುವುದು. ತನ್ನ ತೂಕವನ್ನು ಅದು ತಾನೇ ಅಡಿಪಾಯಕ್ಕೆ ಇಳಿಸುತ್ತದೆ. ಆದರೆ ಗಾಳಿಯಾಗಲಿ ಕಂಪನವಾಗಲಿ ತಳ್ಳಿದಾಗ ನೆಟ್ಟಗೆ ನಿಲ್ಲಲು ಅದಕ್ಕಿರುವ ಆಸರೆ ಒಂದೇ: ಒಂದು ತುದಿ ನಿಲುಗಂಬಕ್ಕೂ ಇನ್ನೊಂದು ತುದಿ ಗಾರೆಯ ವರಸೆಗೂ ಸೇರಿದ ತೆಳ್ಳನೆಯ ಲೋಹದ ಪಟ್ಟಿ ಅಥವಾ ತಂತಿ.

ಆ ಬಂಧಕ್ಕೆ ಒಂದಕ್ಕೊಂದು ವಿರುದ್ಧವಾದ ಎರಡು ಗುಣಗಳು ಬೇಕು. ಮುಖಗೋಡೆಯನ್ನು ಒಳಕ್ಕೂ ಹೊರಕ್ಕೂ ಹೋಗಗೊಡದಂತೆ ಅದು ಬಿಗಿಯಾಗಿರಬೇಕು. ಮೇಲೆ ಕೆಳಗೆ ಸರಿಯಗೊಡುವಂತೆ ಸಡಿಲವಾಗಿರಬೇಕು. ಏಕೆಂದರೆ ಸುಟ್ಟ ಇಟ್ಟಿಗೆ ವರ್ಷಗಳು ಕಳೆದಂತೆ ತೇವ ಹೀರಿ ಕಿಂಚಿತ್ತು ಹಿಗ್ಗುವುದು, ಮರ ಒಣಗಿ ಕುಗ್ಗುವುದು. ಅಗ್ಗದ ಸುಕ್ಕುತಗಡಿನ ಪಟ್ಟಿಗಳಲ್ಲಿ ಮೊದಲ ಗುಣಕ್ಕೇ ಕೊರತೆ. ಪಟ್ಟಿಯ ಮಡಿಕೆ ಮೊಳೆಯಿಂದ ದೂರ ಬಿದ್ದಷ್ಟೂ ಅದು ಬುಗ್ಗೆಯಂತೆ ಬಳುಕಿ ನಿಷ್ಪ್ರಯೋಜಕವಾಗುವುದು. ಕೂಲಿಯವನ ಅರೆನಿಮಿಷದ ಅವಸರ ಇಲ್ಲಿ ಲೆಕ್ಕಾಚಾರವನ್ನೆಲ್ಲ ಕೆಡಿಸಬಲ್ಲದು.

ಎರಡನೆಯ ಶತ್ರು ತುಕ್ಕು. ಆಸ್ಟ್ರೇಲಿಯದ ನ್ಯೂಕಾಸಲ್ ಕಡಲತೀರದ ಊರು. 1989ರ ಡಿಸೆಂಬರ್ 28ರಂದು ಅಲ್ಲಿ 5.6 ಪ್ರಮಾಣದ ಭೂಕಂಪವಾಗಿ 13 ಜನ ಸತ್ತರು. ಬಿದ್ದ ಗೋಡೆಗಳನ್ನು ನೋಡಿದಾಗ ಎಷ್ಟೋ ಕಡೆ ಬಂಧಗಳು ಉಪ್ಪುಗಾಳಿಗೆ ತಿಂದುಹೋಗಿದ್ದವು, ಕೆಲವೆಡೆ ಇಟ್ಟೇ ಇರಲಿಲ್ಲ. ಸತುವಿನ ಲೇಪ ತನ್ನನ್ನು ಸವೆಸಿಕೊಂಡು ಉಕ್ಕನ್ನು ಕಾಯುವುದರಿಂದ, ಲೇಪ ಮುಗಿದ ದಿನ ಕಾವಲೂ ಮುಗಿಯಿತು. ಆದುದರಿಂದ ತೀರಪ್ರದೇಶಗಳಲ್ಲಿ ತುಕ್ಕುಹಿಡಿಯದ ಉಕ್ಕಿನ ಬಂಧಗಳೇ ಯೋಗ್ಯ.

ಮೂರನೆಯ ದೋಷವನ್ನು ಕಂಡುಹಿಡಿದುದು ಸ್ವಾರಸ್ಯದ ಸಂಗತಿ. ಬಂಧವನ್ನು ಮೊಳೆ ಹೊಡೆದು ಕೂಡಿಸುವಾಗ ಸುತ್ತಿಗೆಯ ಪೆಟ್ಟಿಗೆ ನಿಲುಗಂಬ ಅದುರುವುದು. ಆಗತಾನೆ ಇಟ್ಟ ಕೆಳಗಿನ ವರಸೆಗಳ ಹಸಿ ಗಾರೆಯ ಹಿಡಿತ ಆ ಅದುರಿಗೆ ಬಿಟ್ಟುಹೋಗುವುದು. ನ್ಯೂಜಿಲೆಂಡಿನವರು ಈ ಕಾರಣದಿಂದ ಮೊಳೆಯನ್ನು ಬಿಟ್ಟು ತಿರುಪುಮೊಳೆಗೆ ಬಂದರು. 2011ರ ಫೆಬ್ರವರಿ 22ರ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ ಹಳೆಯ ಮೊಳೆಬಂಧದ ಮುಖಗೋಡೆಗಳು ಅನೇಕ ಕಡೆ ಸುಲಿದು ಬಿದ್ದವು. ತಿರುಪುಮೊಳೆಯ ಬಂಧವಿದ್ದ ಹೊಸ ಮನೆಗಳು ಒಟ್ಟಿನಲ್ಲಿ ಉತ್ತಮವಾಗಿ ನಿಂತವು. ಇಟ್ಟಿಗೆಯೂ ಮರವೂ ಬದಲಾಗಿರಲಿಲ್ಲ.

ಹೈದರಾಬಾದಿನಲ್ಲಿ ಮರದ ಚೌಕಟ್ಟಿನ ಮನೆ ಅಪರೂಪ; ಆದರೆ ಕಾಂಕ್ರೀಟಿನ ಮೇಲೆ ಹೊದಿಸಿದ ಕಲ್ಲುಚಪ್ಪಡಿಗಳಿಗೆ ಕೊರತೆಯಿಲ್ಲ. ಕಬ್ಬಿಣ ತುಕ್ಕಾದಾಗ ತನ್ನ ಮೊದಲ ಗಾತ್ರದ ಎರಡು ಪಾಲಿಗೂ ಮಿಕ್ಕಿ ಉಬ್ಬುವುದರಿಂದ, ಚಪ್ಪಡಿಯನ್ನು ಹಿಡಿಯಲೆಂದು ಇಟ್ಟ ಕೊಕ್ಕೆಯೇ ಅದನ್ನು ಸೀಳಬಲ್ಲದು. ಮೂರಂತಸ್ತಿನ ಎತ್ತರದಲ್ಲಿ ಬರಿಯ ಗಾರೆಯನ್ನೇ ನಂಬಿದ ಚಪ್ಪಡಿಯ ಕೆಳಗೆ ನಡೆಯುವವರು ಅದೃಷ್ಟವನ್ನು ನಂಬಿ ನಡೆಯುವರೆನ್ನಬೇಕು.

ಉಳಿದುದು ಊರಿನ ಹಳೆಯ ಮಾಳಿಗೆ. ಅದನ್ನು ಕೆಡವಬೇಕಾದುದೇನೂ ಇಲ್ಲ. ಕಿಲ್ಲಾರಿಯ ಬಳಿಕ ರೂಢಿಗೆ ಬಂದ ದುರಸ್ತಿಯ ಕ್ರಮ ಹೀಗಿದೆ: ಗೋಡೆಯಲ್ಲಿ ಮೆಲ್ಲಗೆ ಕಲ್ಲು ಬಿಡಿಸಿ, ಇನ್ನೊಂದು ಮೈವರೆಗೆ ಸುಮಾರು 75 ಮಿಲಿಮೀಟರಿನ ರಂಧ್ರ ತೆಗೆದು, ಕೊಕ್ಕೆ ಮಡಿಸಿದ 8 ಮಿಲಿಮೀಟರಿನ ಸಲಾಕೆಯನ್ನಿರಿಸಿ ಕಾಂಕ್ರೀಟು ತುಂಬುವುದು, ಹತ್ತು ದಿನವಾದರೂ ನೀರುಣಿಸುವುದು. ಬಡಿದು ತೂತು ಮಾಡಬಾರದು. ಬಡಿದರೆ ಮಣ್ಣಿನ ಗಾರೆ ಉದುರುವುದು. ಕಂಬಕ್ಕೂ ತೊಲೆಗೂ ನಡುವೆ ಓರೆಯಾದ ಮರದ ಆಧಾರಗಳನ್ನು ಬಿಗಿಯುವುದು. ವರ್ಷವರ್ಷವೂ ಮೆತ್ತಿ ದಪ್ಪವಾದ ಮಾಳಿಗೆಯ ಮಣ್ಣನ್ನು ತೆಗೆದು ತೆಳ್ಳಗಾಗಿಸುವುದು. ಇವುಗಳಲ್ಲಿ ಮೊದಲು ಕೈಗೊಳ್ಳತಕ್ಕದ್ದು ಈ ಮಣ್ಣಿನ ಕೆಲಸ. ಅದಕ್ಕೆ ಉಕ್ಕೂ ಬೇಡ, ತಜ್ಞರೂ ಬೇಡ, ಊರಿನ ನಾಲ್ಕು ಆಳುಗಳೂ ಒಂದು ವಾರದ ಬೇಸಗೆಯೂ ಸಾಕು.