ಅಕ್ಷರವಿದ್ದೂ ಓದಲಾಗದ ಓಲೆ

1953 ಬಳ್ಳಾರಿಯವರಾದ ನಮಗೆ ಮರೆಯಲಾಗದ ವರ್ಷ. ಆ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಅದೇ ವರ್ಷದ ಏಪ್ರಿಲಿನಲ್ಲಿ ಕೇಂಬ್ರಿಜ್ಜಿನ ವಾಟ್ಸನ್ ಮತ್ತು ಕ್ರಿಕ್, ಡಿಎನ್‌ಎ ಎಂಬ ಆನುವಂಶಿಕ ದ್ರವ್ಯವು ಬಲಕ್ಕೆ ತಿರುಚಿದ ಜೋಡಿ ಸುರುಳಿಯೆಂದು ಪ್ರಕಟಿಸಿದರು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಆ ಬರಹದಲ್ಲಿ ಜೀವಿಯ ಸಮಸ್ತ ವಿಧಿಗಳೂ ಅಡಗಿವೆ.

ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನು ಇಲ್ಲಿ ಸೆಳೆದದ್ದು ಓದಿನ ಪ್ರಶ್ನೆ. ಕುರುಗೋಡಿನಲ್ಲಿ ಸಿಂದರು ಬರೆಸಿದ ಶಾಸನಗಳು ಕಲ್ಲಿನವು, ಅವು ಮಡಿಸಿಕೊಳ್ಳುವುದಿಲ್ಲ. ಡಿಎನ್‌ಎಯಾದರೋ ಎಳೆ. ಅಕ್ಷರಗಳ ಕ್ರಮಕ್ಕನುಗುಣವಾಗಿ ಅದು ಕೆಲವೆಡೆ ವಿಚಿತ್ರ ರೂಪಗಳನ್ನು ತಾಳುತ್ತದೆ. ಸುರುಳಿ ಎಡಕ್ಕೂ ತಿರುಗೀತೆಂಬ ವಿಚಾರವನ್ನು 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಶಿಶೇಖರನ್ ಮತ್ತು ಸಂಗಡಿಗರು ಎತ್ತಿದ್ದರು. 1979ರಲ್ಲಿ ಅಮೆರಿಕೆಯ ಅಲೆಕ್ಸಾಂಡರ್ ರಿಚ್ ತಂಡವು ಎಡಸುರುಳಿಯನ್ನು ಹರಳಿನಲ್ಲಿ ಕಂಡಿತು. ಮೂರೆಳೆಯ, ನಾಲ್ಕೆಳೆಯ ರೂಪಗಳೂ ಉಂಟು. ಮದರಾಸಿನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ಕೇಂಬ್ರಿಜ್ ತಂಡವು 2013ರಲ್ಲಿ ನಾಲ್ಕೆಳೆಯ ರೂಪವನ್ನು ಮನುಷ್ಯನ ಜೀವಕೋಶದೊಳಗೇ ತೋರಿಸಿತು.

ಇದರಿಂದ ಆಗುವುದೇನು? ಜೀನು ಕೆಲಸ ಮಾಡಬೇಕಾದರೆ ಒಂದು ಕಿಣ್ವವು ಎಳೆಗಳನ್ನು ಬಿಡಿಸುತ್ತ, ಓದುತ್ತ ಸಾಗಬೇಕು. ದಾರಿಯಲ್ಲಿ ಗಂಟು ಎದುರಾದರೆ ಓದು ತಡವಾಗುತ್ತದೆ ಅಥವಾ ನಿಲ್ಲುತ್ತದೆ. ಸಿರುಗುಪ್ಪದ ರೈತರಿಗೆ ಇದನ್ನು ವಿವರಿಸಬೇಕಿಲ್ಲ: ಜಲಾಶಯ ತುಂಬಿದ್ದರೂ ತೂಬು ಕಟ್ಟಿಕೊಂಡರೆ ಕೊನೆಯ ಗದ್ದೆಗೆ ನೀರಿಲ್ಲ. ಆದರೆ ಇಂಥ ರೂಪಗಳೆಲ್ಲ ಅಡ್ಡಿಗಳೇ ಅಲ್ಲ. ಕೆಲವು ಓದಿಗೆ ಬೇಕಾದ ಪ್ರೋಟೀನುಗಳನ್ನು ಕರೆತಂದು ನೆರವಾಗುವುದೂ ಉಂಟು.

ಗಂಟು ಮನುಷ್ಯನನ್ನು ಹೇಗೆ ಕಾಡುತ್ತದೆಂಬುದಕ್ಕೆ ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ವಿರಳ ರೋಗವೇ ನಿದರ್ಶನ. ಬಾಲ್ಯದಲ್ಲೋ ಹರೆಯದಲ್ಲೋ ನಡಿಗೆ ತೂರಾಡತೊಡಗುತ್ತದೆ, ಮಾತು ತೊದಲುತ್ತದೆ, ಹೃದಯವೂ ಸೊರಗುತ್ತದೆ. ಇದರ ಜೀನು ಸಿಕ್ಕಿದ್ದು 1996ರಲ್ಲಿ. ಅದರೊಳಗೆ ಜಿ-ಎ-ಎ ಎಂಬ ಮೂರಕ್ಷರಗಳು ಆರೋಗ್ಯವಂತರಲ್ಲಿ ಕೆಲವು ಸಲ ಮಾತ್ರ ಮರುಕಳಿಸಿದರೆ, ರೋಗಿಗಳಲ್ಲಿ ನೂರಾರು ಸಲ ಮರುಕಳಿಸುತ್ತವೆ. ಆ ಉದ್ದದ ಸಾಲು ಮೂರೆಳೆಯಾಗಿ ಮಡಿಸಿಕೊಳ್ಳಬಲ್ಲದು. ಸುತ್ತಲಿನ ಪ್ರೋಟೀನುಗಳೂ ಬಿಗಿಯುತ್ತವೆ. ಪ್ರೋಟೀನಿನ ಪಾಠವನ್ನು ಬರೆದ ಅಕ್ಷರಗಳು ಬಹುಪಾಲು ರೋಗಿಗಳಲ್ಲಿ ಚೆನ್ನಾಗಿಯೇ ಇರುತ್ತವೆ, ಓದುವುದಷ್ಟೇ ಆಗದು. ಅಂಟಿಕೊಂಡ ಓಲೆಗರಿಗಳ ಕಟ್ಟನ್ನು ಬಲ್ಲವರಿಗೆ ಈ ಸಂಕಟ ಅರ್ಥವಾದೀತು.

ತಂದೆತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಮಗುವಿಗೆ ಈ ರೋಗ. ಒಂದೇ ಪ್ರತಿಯುಳ್ಳವರು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ಇಬ್ಬರು ಕೂಡಿದಾಗ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಒಂದೇ ಮನೆತನದ ದೋಷವು ಎರಡು ಕಡೆಯಿಂದಲೂ ಬರುವ ಸಂಭವ ಹೆಚ್ಚು. ಪುನರಾವರ್ತನೆಗಳನ್ನು ಇಂದು ರಕ್ತಪರೀಕ್ಷೆಯಿಂದ ಎಣಿಸಬಹುದು. ರೋಗವನ್ನು ನಿಧಾನಗೊಳಿಸುವ ಒಂದು ಔಷಧಿಗೆ 2023ರಲ್ಲಿ ಅಮೆರಿಕೆಯಲ್ಲಿ ಮನ್ನಣೆ ದೊರೆತಿದೆ. ವಾಸಿಮಾಡುವ ಮದ್ದು ಇನ್ನೂ ಇಲ್ಲ.

ತೂರಾಡುವ ಮಗುವಿನ ಮನೆಯಲ್ಲಿ ಹಣೆಬರಹವೆಂಬ ಮಾತು ಬೇಗ ಕೇಳಿಬರುತ್ತದೆ. ಅದರ ಹಿಂದೆಯೇ ತಾಯಿಯ ಮೇಲಿನ ದೂರೂ ಬರುತ್ತದೆ. ಬರಹದಲ್ಲಿ ತಾಯಿಯ ಪಾಲೆಷ್ಟೋ ತಂದೆಯ ಪಾಲೂ ಅಷ್ಟೇ, ಮತ್ತು ಇಬ್ಬರದೂ ತಪ್ಪಲ್ಲ ಎಂಬುದನ್ನಾದರೂ ಈ ವಿಜ್ಞಾನ ನಮಗೆ ಸ್ಪಷ್ಟವಾಗಿ ಹೇಳಿದೆ.