ಕೂಳೆ ಗದ್ದೆಯ ಸವಾರ

ಭತ್ತದ ಕೊಯ್ಲು ಮುಗಿದು, ಕಾಫಿ ಕಣದಲ್ಲಿ ಒಣಗುವ ಹೊತ್ತಿಗೆ ಮಲೆನಾಡಿನ ಗದ್ದೆಗಳಿಗೆ ಒಂದಿಷ್ಟು ಬಿಡುವು. ಸಕಲೇಶಪುರದ ಕಡೆ, ಚಿಕ್ಕಮಗಳೂರಿನ ಸುತ್ತ, ಕೊಡಗಿನ ಗೋಣಿಕೊಪ್ಪದ ಆಸುಪಾಸು ಡರ್ಟ್ ರೇಸ್‌ಗಳು ಕಣ್ಣುಬಿಡುವುದು ಈ ಬಿಡುವಿನಲ್ಲೇ. ಮೊದಲು ಜೆಸಿಬಿ ಬರುತ್ತದೆ. ಬದುಗಳನ್ನು ಸವರಿ, ಮಣ್ಣು ಗುಡ್ಡೆ ಹಾಕಿ ದಿಬ್ಬ ಎಬ್ಬಿಸಿ, ತಿರುವುಗಳ ಹೊರಮೈಗೆ ಮಣ್ಣಿನ ತಡೆ ಕಟ್ಟಿ ಹೋಗುತ್ತದೆ. ಭಾನುವಾರ ಬೆಳಗ್ಗೆ ಟ್ಯಾಂಕರ್ ನೀರು ಹೊಡೆಯುತ್ತದೆ. ಹತ್ತೂವರೆಗೆಲ್ಲ ಆ ನೀರು ಎಲ್ಲಿ ಹೋಯಿತೋ, ಕೆಂಧೂಳೇ ಧೂಳು. ಬದುವಿನುದ್ದಕ್ಕೂ ಜನ, ಚುರುಮುರಿ ಗಾಡಿ, ಕಲ್ಲಂಗಡಿ ಹೋಳು. ಮೈಕ್ ಹಿಡಿದವನ ಗಂಟಲು ಆಗಲೇ ಕಟ್ಟಿರುತ್ತದೆ.

ಸಿಲ್ವರ್ ಓಕ್ ಮರಗಳ ನೆರಳಿಗೆ ಇಲ್ಲಿ ಪಿಟ್ ಎಂದು ಹೆಸರು. ಒಂದು ಕಡೆ ಕಂಪನಿ ತಂಡಗಳ ಡೇರೆ: ಸ್ಟ್ಯಾಂಡಿನ ಮೇಲೆ ಸಾಲಾಗಿ ನಿಂತ ಹೊಸ ಬೈಕು, ಒಂದೇ ಬಣ್ಣದ ಟೀ ಶರ್ಟು, ಫ್ಯಾನು. ಇನ್ನೊಂದು ಕಡೆ ಟಾಟಾ ಏಸ್‌ಗೆ ಕಟ್ಟಿದ ನೀಲಿ ಟಾರ್ಪಾಲು. ನಾನು ನೋಡಬೇಕೆಂದು ಹೋದವರು ಆ ಟಾರ್ಪಾಲಿನಡಿ ಕುಕ್ಕರಗಾಲಲ್ಲಿ ಕೂತಿದ್ದರು. ಮೈಸೂರಿನ ಮೆಕ್ಯಾನಿಕ್, ವಯಸ್ಸು ಐವತ್ತಾರು. ಪಿಟ್‌ನಲ್ಲಿ ಎಲ್ಲರಿಗೂ ‘ಅಣ್ಣ’. “ಹೆಸ್ರು ಮಾತ್ರ ಹಾಕ್ಬೇಡಿ ಸಾರ್, ನಮ್ಮಕ್ಕ ಪೇಪರ್ ಓದ್ತಾಳೆ” ಅಂದರು.

ಮುಂದಿದ್ದದ್ದು ಯಮಹಾ ಆರ್‌ಎಕ್ಸ್. ಹೆಡ್‌ಲೈಟು, ಇಂಡಿಕೇಟರು, ಮೀಟರು ಯಾವುದೂ ಇಲ್ಲ. ಆಯಿಲ್ ತಾನಾಗಿ ಬೆರೆಸುವ ಪಂಪನ್ನೂ ಕಿತ್ತು ಹಾಕಿದ್ದಾರೆ. ಅದು ಎಂದು ಕೈಕೊಡುತ್ತದೋ ಎಂಬ ಅನುಮಾನಕ್ಕಿಂತ ಅಳೆದು ಕೈಯಾರೆ ಬೆರೆಸಿದ ಟೂ ಸ್ಟ್ರೋಕ್ ಆಯಿಲ್ ಮೇಲು ಎಂಬ ಲೆಕ್ಕ. ಅಭ್ಯಾಸದ ಸುತ್ತು ಮುಗಿಸಿ ಬಂದವರೇ ಮಾತಿಲ್ಲದೆ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಬಿಸಿ ಆರುವ ಮೊದಲೇ ಬಟ್ಟೆಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಕನ್ನಡಕ ಹಣೆಗೇರಿಸಿ ನೋಡಿದರು. ತುದಿಯ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ನಿಗೆ ಗಾಳಿ, ಪೆಟ್ರೋಲು ಹದವಾಗಿ ಸಿಗುತ್ತಿದೆ ಎಂದರ್ಥ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು. ಬಿಳಚಿಕೊಂಡಿದ್ದರೆ ಕಮ್ಮಿ, ಆಗ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುವ ಭಯ. ಈ ಪ್ಲಗ್ಗು ಬಿಳುಪಿನ ಕಡೆ ವಾಲಿತ್ತು. ಬೆಂಕಿಪೊಟ್ಟಣದಿಂದ ಹಿತ್ತಾಳೆಯ ಜೆಟ್ ಒಂದನ್ನು ಆರಿಸಿ, ರಂಧ್ರದಲ್ಲಿ ಆಕಾಶ ನೋಡಿ, ಕಾರ್ಬೊರೇಟರಿಗೆ ತೊಡಿಸಿದರು. ಪೂರಾ ಕೆಲಸಕ್ಕೆ ಒಂದು ಟೀ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ.

ಗದ್ದೆಯಲ್ಲಿ ಇವರ ರೇಸ್ ನಡೆಯುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ಈ ಕೆಲಸ. ರೇಸ್ ಎಂದರೆ ವೇಗದ ಹುಚ್ಚು ಎಂದು ದೂರದಿಂದ ಹೇಳುವವರು ಬಂದು ನೋಡಬೇಕು. ಶನಿವಾರ ರಾತ್ರಿ ಎರಡು ಗಂಟೆಗೆ ಸ್ಪಂಜಿನ ಏರ್ ಫಿಲ್ಟರ್ ತೊಳೆದು, ಹಿಂಡಿ, ಎಣ್ಣೆಯಲ್ಲಿ ಅದ್ದುವ ಕೈಗಳಲ್ಲಿ ನನಗಂತೂ ಹುಚ್ಚು ಕಾಣಲಿಲ್ಲ. ಕಂಡದ್ದು ಬರೀ ತಾಳ್ಮೆ.

ಅಣ್ಣನ ಅಪ್ಪ ಐಡಿಯಲ್ ಜಾವಾದಲ್ಲಿ ಫಿಟ್ಟರ್ ಆಗಿದ್ದರಂತೆ. 1961ರಲ್ಲಿ ಬೈಕು ತಯಾರಿಸಲು ಶುರುಮಾಡಿ, 1973ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಈಗಲೂ ಅದರ ಮಾತು ನೆಂಟರ ಮಾತಿನ ಹಾಗೆ ಬರುತ್ತದೆ. ಜಾವಾದ ಮೂಲ ಜೆಕೊಸ್ಲೊವಾಕಿಯಾ. ಅದೇ ನಾಡಿನ ಸಿಝಡ್ ಕಂಪನಿಯ ಟೂ ಸ್ಟ್ರೋಕ್ ಬೈಕಿನಲ್ಲಿ ಬೆಲ್ಜಿಯಂನ ಜೋಯಲ್ ರಾಬರ್ಟ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿಯಲ್ಲಿ ಗೆದ್ದ. ಯೂರೋಪಿನ ಕೆಸರಿನಲ್ಲಿ ಹೆಸರು ಮಾಡಿದ ಆ ಕಸುಬಿನ ದಾಯಾದಿ ಇಲ್ಲಿ ಹಾಲಿನ ಕ್ಯಾನು ಹೊರುತ್ತಿತ್ತು. ಹುಡುಗ ಮೊದಲು ಮಣ್ಣಿಗೆ ಇಳಿಸಿದ್ದು ಅಪ್ಪನ ಜಾವಾವನ್ನೇ. 1985ರಲ್ಲಿ ಆರ್‌ಎಕ್ಸ್ 100 ಬಂತು. ನೂರು ಕೆಜಿಯ ಆಸುಪಾಸಿನ ಹಗುರ ಬಂಡಿ, ಗೇರು ಹಾಕಿದೊಡನೆ ಚಿಮ್ಮುವ ಪಿಕಪ್. ಕೊನೆಗೂ ಸೆಕೆಂಡ್‌ಹ್ಯಾಂಡ್ ಒಂದನ್ನು ಮನೆಗೆ ತಂದ ದಿನ ಅಪ್ಪ ಊಟಕ್ಕೆ ಏಳಲಿಲ್ಲವಂತೆ. “ಜಾವಾ ಮನೇಲಿ ಯಮಹಾ ತಂದ್ರೆ ಇನ್ನೇನಾಗುತ್ತೆ ಸಾರ್?”

ಈ ಹವ್ಯಾಸ ತಿಂದ ಹಣದ ಲೆಕ್ಕ ಕೇಳಿದರೆ ನಗುತ್ತಾರೆ. ಮೂಳೆಗಳ ಲೆಕ್ಕ ಮಾತ್ರ ಹೇಳುತ್ತಾರೆ: ಎರಡು ಸಲ ಕೊರಳೆಲುಬು, ಒಮ್ಮೆ ಮಣಿಕಟ್ಟು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ‍್ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿ, ಅದನ್ನು ಮುಗಿಸಿದ ಮೊದಲ ಭಾರತೀಯ ಎನಿಸಿಕೊಂಡಾಗ ಗ್ಯಾರೇಜಿನಲ್ಲಿ ಮೈಸೂರುಪಾಕು ಹಂಚಿದ್ದರು. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿಯ ಮರಳುಗಾಡಿನಲ್ಲಿ ಬಿದ್ದು, ವೈದ್ಯರು ಅವರನ್ನು ಔಷಧಿ ಕೊಟ್ಟು ಕೋಮಾದಲ್ಲಿ ಇರಿಸಿದರು ಎಂಬ ಸುದ್ದಿ ಬಂದ ಸಂಜೆ ಅಕ್ಕನ ಫೋನು. “ಅವರು ಚೇತರಿಸಿಕೊಂಡು ಮನೆಗೆ ಬರೋವರ್ಗೂ ನಾನು ಬೈಕ್ ಮುಟ್ಟಲ್ಲ ಅಂದೆ. ಮುಟ್ಲಿಲ್ಲ” ಎಂದರು. ಅಷ್ಟಕ್ಕೇ ಮಾತು ನಿಲ್ಲಿಸಿ ಮೊಣಕಾಲಿನ ಗಾರ್ಡ್ ಬಿಗಿದುಕೊಂಡರು.

ಗೇಟು ಬಿತ್ತು. ಹನ್ನೊಂದು ಬೈಕುಗಳ ಕಿರುಚಾಟ, ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ ಒಟ್ಟಿಗೇ ಮುಖಕ್ಕೆ ಬಡಿದವು. ಮೊದಲ ತಿರುವಿಗೆ ಎಲ್ಲರಿಗೂ ಒಂದೇ ದಾರಿ ಬೇಕು; ಅಣ್ಣ ಹೊರಗಿನದನ್ನು ಹಿಡಿದರು. ಟ್ಯಾಂಕಿನ ಮೇಲಕ್ಕೆ ಜರುಗಿ ಕೂತು, ಒಳಗಿನ ಕಾಲನ್ನು ಮುಂಚಕ್ರದತ್ತ ಚಾಚಿ, ಮೈಭಾರವನ್ನು ಹೊರಗಿನ ಫುಟ್‌ರೆಸ್ಟಿಗೆ ಹಾಕಿದರು. ಹಿಂಚಕ್ರ ಜಾರಿತು. ಜಾರಲು ಬಿಟ್ಟರು. ಮಣ್ಣಿನ ತಡೆಗೆ ಟೈರು ತಾಗಿದ ಕ್ಷಣ ಮತ್ತೆ ಆಕ್ಸಿಲರೇಟರ್. ದಿಬ್ಬದ ಮೇಲೆ ಹುಡುಗರು ಎತ್ತರಕ್ಕೆ ಹಾರಿ ಚಪ್ಪಾಳೆ ಗಿಟ್ಟಿಸಿದರೆ, ಇವರು ಮೊಣಕಾಲು ಸಡಿಲಿಸಿ ಬೈಕನ್ನು ಮೈಗೆ ಒತ್ತಿಕೊಂಡು ತಗ್ಗಾಗಿ ದಾಟಿದರು. ಗಾಳಿಯಲ್ಲಿದ್ದಷ್ಟು ಹೊತ್ತು ಚಕ್ರ ನೆಲವನ್ನು ತಳ್ಳಲಾರದು. ಅಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಬೈಕಿನ ಮೂತಿ ಏಳುತ್ತದೆ, ಹಿಂದಿನ ಬ್ರೇಕು ಮೆಟ್ಟಿದರೆ ತಗ್ಗುತ್ತದೆ. ಎರಡನೆಯ ದಿಬ್ಬದಲ್ಲಿ ಮೂತಿ ಏರಿದ್ದನ್ನು ಆ ಬ್ರೇಕಿನಿಂದಲೇ ಸರಿಮಾಡಿಕೊಂಡದ್ದು ಬದುವಿನಿಂದ ಸ್ಪಷ್ಟವಾಗಿ ಕಂಡಿತು. ನನ್ನ ಪಕ್ಕದ ಅಜ್ಜ, ಆ ಗದ್ದೆಯ ಒಡೆಯರು, “ಮುದುಕ ಹುಷಾರಿದಾನೆ” ಎಂದು ಎಲೆಯಡಿಕೆ ಉಗಿದರು.

ಕೊನೆಯ ಎರಡು ಸುತ್ತಿನಲ್ಲಿ ಮುಂಗೈ ಸೆಟೆದು ಕ್ಲಚ್ಚು ಹಿಡಿಯುವುದೇ ಕಷ್ಟವಾಯಿತಂತೆ. ಇಪ್ಪತ್ತರ ಹರೆಯದವನೊಬ್ಬ ಒಳಗಿನಿಂದ ನುಗ್ಗಿ ಮುಂದೆ ಹೋದ. ಅಣ್ಣ ಆರನೆಯವರು. ಟ್ರೋಫಿ ಮೂವರಿಗೆ ಮಾತ್ರ.

ಪಿಟ್‌ಗೆ ಬಂದು ಹೆಲ್ಮೆಟ್ ತೆಗೆದವರ ಮುಖದಲ್ಲಿ ಗಾಗಲ್ಸ್ ಇದ್ದಷ್ಟು ಜಾಗ ಬಿಟ್ಟು ಮಿಕ್ಕದ್ದೆಲ್ಲ ಕೆಂಪು. ನೀರು ಕೊಟ್ಟರೆ ಕುಡಿಯುವ ವ್ಯವಧಾನವಿಲ್ಲ. ನೆಟ್ಟಗೆ ಆ ಹುಡುಗನ ಬೈಕಿನ ಹಿಂದೆ ಹೋಗಿ ಕೂತು ಟೈರಿನ ಗುಬ್ಬೆಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡತೊಡಗಿದರು.

“ಎಷ್ಟು ಗಾಳಿ ಇಟ್ಟಿದ್ಯೋ?”

“ಹನ್ನೆರಡು ಅಣ್ಣ.”

“ಅದಕ್ಕೇ ಆ ತಿರುವಲ್ಲಿ ಕಚ್ಕೊಂಡಿದ್ದು. ನಾನು ಹದಿನಾರು ಇಟ್ಟಿದ್ದೆ. ಈ ಟೈರು ಸೀಸನ್ ಮುಗಿದ ಮೇಲೆ ಎಷ್ಟಕ್ಕೆ ಕೊಡ್ತೀಯ?”

ಹುಡುಗ ಎರಡು ಸಾವಿರ ಅಂದ. ಅಣ್ಣ ಸಾವಿರದ ಇನ್ನೂರರಿಂದ ಶುರುಮಾಡಿದರು.