ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಎಷ್ಟು? ಫಾರ್ವರ್ಡ್ ಮಾಡುವ ಮುನ್ನ ಈ ಮೂರು ಪ್ರಶ್ನೆ ಕೇಳಿ

‘ಅವಳಿ ನಗರದ ಜನಸಂಖ್ಯೆ 12 ಲಕ್ಷ ದಾಟಿತು, 2021ರ ಜನಗಣತಿ ವರದಿ ನೋಡಿ’ ಎನ್ನುವಂಥ ಸಂದೇಶ ನಿಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಬಂದರೆ ಏನು ಮಾಡುತ್ತೀರಿ? ಊರು ಬೆಳೆದಿರುವುದು ಕಣ್ಣಿಗೇ ಕಾಣುತ್ತದೆ, ಹಾಗಾಗಿ ನಂಬುವುದು ಸುಲಭ. ಆದರೆ ಆ ಸಂದೇಶದಲ್ಲಿ ಒಂದು ದೊಡ್ಡ ತಪ್ಪಿದೆ: 2021ರಲ್ಲಿ ದೇಶದಲ್ಲಿ ಜನಗಣತಿಯೇ ನಡೆದಿಲ್ಲ.

ಪ್ರಶ್ನೆ 1: ಎಣಿಸಿದವರು ಯಾರು, ಯಾವಾಗ?

ಭಾರತದಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿತ್ತು. 2021ರ ಸರದಿ ಕೋವಿಡ್ ಕಾರಣಕ್ಕೆ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಮುಂದಿನ ಜನಗಣತಿಗೆ ಆಧಾರವಾಗುವ ದಿನ 2027ರ ಮಾರ್ಚ್ 1.

ಹಾಗಾಗಿ ‘2021ರ ಜನಗಣತಿ ಪ್ರಕಾರ’ ಎಂದು ಶುರುವಾಗುವ ಯಾವ ಅಂಕಿಯೂ ನಿಜವಲ್ಲ. ಮನೆಮನೆಗೆ ಹೋಗಿ ಎಣಿಸಿ ಪ್ರಕಟಿಸಿದ ಲೆಕ್ಕ ಬೇಕೆಂದರೆ 2011ಕ್ಕೇ ಹೋಗಬೇಕು. ಆಗ ಕರ್ನಾಟಕದ ಜನಸಂಖ್ಯೆ 6,10,95,297. ಧಾರವಾಡ ಜಿಲ್ಲೆಯದು 18,47,023. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯದು 9,43,788.

ಇಲ್ಲಿ ಇನ್ನೊಂದು ಗೊಂದಲವೂ ಇದೆ. ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2015ರಲ್ಲಿ ಮತ್ತು 2025ರಲ್ಲಿ ನಡೆಸಿದ ಸಮೀಕ್ಷೆಗಳನ್ನು ಜನ ‘ಜಾತಿ ಗಣತಿ’ ಎಂದು ಕರೆಯುತ್ತಾರೆ. ಅವು ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಳು. ರಾಷ್ಟ್ರೀಯ ಜನಗಣತಿ ಬೇರೆ.

ಪ್ರಶ್ನೆ 2: ಇದು ಎಣಿಕೆಯೋ, ಅಂದಾಜೋ?

ಹಾಗಾದರೆ ವೆಬ್‌ಸೈಟ್‌ಗಳಲ್ಲಿ ಕಾಣುವ ‘ಈ ವರ್ಷದ ಜನಸಂಖ್ಯೆ’ ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ಗುಣಾಕಾರದಿಂದ. ನೀವೇ ಮಾಡಿ ನೋಡಬಹುದು. 2001ರಲ್ಲಿ ಅವಳಿ ನಗರದಲ್ಲಿ 7,86,195 ಜನರಿದ್ದರು. 2011ರ ಹೊತ್ತಿಗೆ ಅದು ಶೇ 20ರಷ್ಟು ಹೆಚ್ಚಿತು. ಮುಂದಿನ ಹತ್ತು ವರ್ಷವೂ ಅದೇ ವೇಗ ಎಂದುಕೊಂಡರೆ 2021ಕ್ಕೆ ಸುಮಾರು 11.3 ಲಕ್ಷ, 2027ಕ್ಕೆ ಸುಮಾರು 12.6 ಲಕ್ಷ ಆಗುತ್ತದೆ.

ಲೆಕ್ಕ ಸರಿ, ಆದರೆ ‘ಅದೇ ವೇಗ’ ಎಂಬುದು ನಾವು ಅಂದುಕೊಂಡ ಮಾತು. ವೇಗ ಬದಲಾಗಿರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2019-21ರಲ್ಲಿ ಕರ್ನಾಟಕದಲ್ಲಿ ಒಬ್ಬ ಮಹಿಳೆ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ 1.7. ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ತಲೆಮಾರು ಪೂರ್ತಿಯಾಗಿ ಬರಲು ಈ ಸರಾಸರಿ ಸುಮಾರು 2.1 ಇರಬೇಕು.

‘ಹಾಗಾದರೆ ಜನಸಂಖ್ಯೆ ಇಳಿಯುತ್ತಿರಬೇಕಲ್ಲ?’ ಎಂದು ಕೇಳಬಹುದು. ಕೂಡಲೇ ಇಳಿಯುವುದಿಲ್ಲ. ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ್ದ ಕಾಲದವರು ಈಗ ತಂದೆ-ತಾಯಿ ಆಗುವ ವಯಸ್ಸಿನಲ್ಲಿದ್ದಾರೆ. ಒಬ್ಬೊಬ್ಬರಿಗೆ ಒಂದೋ ಎರಡೋ ಮಗುವಾದರೂ ಒಟ್ಟು ಹುಟ್ಟುವ ಮಕ್ಕಳು ಸಾಯುವವರಿಗಿಂತ ಹೆಚ್ಚು. ಜೊತೆಗೆ ಜನ ಮೊದಲಿಗಿಂತ ಹೆಚ್ಚು ಕಾಲ ಬದುಕುತ್ತಿದ್ದಾರೆ. ನಗರಗಳಿಗಂತೂ ಓದಲು, ದುಡಿಯಲು ಹೊರಗಿನಿಂದ ಬರುವವರೂ ಸೇರುತ್ತಾರೆ. ಆದ್ದರಿಂದ ‘ಜನಸಂಖ್ಯೆ ಸ್ಫೋಟ’, ‘ನಮ್ಮ ಜನ ಅಳಿದೇ ಹೋಗ್ತಾರೆ’ ಎಂಬ ಎರಡೂ ಬಗೆಯ ಫಾರ್ವರ್ಡ್‌ಗಳನ್ನು ಅನುಮಾನದಿಂದಲೇ ನೋಡಿ.

ಪ್ರಶ್ನೆ 3: ಯಾವ ಗಡಿಯೊಳಗಿನ ಲೆಕ್ಕ?

ಹುಬ್ಬಳ್ಳಿ, ಹುಬ್ಬಳ್ಳಿ-ಧಾರವಾಡ ಪಾಲಿಕೆ, ಧಾರವಾಡ ಜಿಲ್ಲೆ ಮೂರೂ ಬೇರೆ ಬೇರೆ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ಒಪ್ಪಿತು. ಪಾಲಿಕೆ ಎರಡಾದರೆ ಒಬ್ಬರೂ ಮನೆ ಬದಲಿಸದಿದ್ದರೂ ಕಾಗದದ ಮೇಲೆ ಹುಬ್ಬಳ್ಳಿ ಪಾಲಿಕೆಯ ಜನಸಂಖ್ಯೆ ಹಿಂದಿನದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಹಳೆಯ ಅಂಕಿ ಪಕ್ಕಕ್ಕಿಟ್ಟು ‘ಜನ ಊರು ಬಿಡುತ್ತಿದ್ದಾರೆ’ ಎಂದು ಯಾರಾದರೂ ಬರೆದರೆ ಈ ಗಡಿಯ ಮಾತು ನೆನಪಿರಲಿ.

ಅಂಕಿಯಿಂದ ನಮಗೇನು?

2011ರ ಲೆಕ್ಕದಲ್ಲಿ ಅವಳಿ ನಗರ 10 ಲಕ್ಷಕ್ಕೆ 56,212 ಜನರಷ್ಟು ಕಡಿಮೆ ಬಿತ್ತು. 15ನೇ ಹಣಕಾಸು ಆಯೋಗ 10 ಲಕ್ಷ ದಾಟಿದ ನಗರಗಳಿಗೆ ಪ್ರತ್ಯೇಕ ಅನುದಾನ ಇಟ್ಟಾಗ 2011ರ ಲೆಕ್ಕವನ್ನೇ ಹಿಡಿದಿತ್ತು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು ಮಾತ್ರ ಇತ್ತು. ಆಹಾರ ಭದ್ರತಾ ಕಾಯ್ದೆಯಡಿ ಎಷ್ಟು ಜನರಿಗೆ ಪಡಿತರ ಎಂಬ ಮಿತಿಗೂ 2011ರ ಜನಗಣತಿಯೇ ಆಧಾರವಾಗಿತ್ತು. ಎಣಿಕೆ ತಡವಾದಷ್ಟೂ ಹಳೆಯ ಲೆಕ್ಕದಲ್ಲೇ ಹಂಚಿಕೆ ನಡೆಯುತ್ತದೆ.

ಆದ್ದರಿಂದ ಎಣಿಕೆಯಲ್ಲಿ ಸರಿಯಾದ ಜಾಗದಲ್ಲಿ ಸೇರುವುದು ಮುಖ್ಯ. ಗದಗಿನ ಹುಡುಗಿಯೊಬ್ಬಳು ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುತ್ತ ಅಲ್ಲೇ ಪಿಜಿಯಲ್ಲಿದ್ದಾಳೆ ಎನ್ನಿ. ಅವಳ ಹೆಸರು ಎಲ್ಲಿ ಸೇರಬೇಕು? 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು. ಆ ಅವಧಿಯಲ್ಲಿ ಪೂರ್ತಿ ಮನೆಯಿಂದ ದೂರ ಇದ್ದವರನ್ನು ಅವರು ಇದ್ದ ಜಾಗದಲ್ಲೇ ಎಣಿಸಲಾಯಿತು. ಆ ನಿಯಮದಂತೆ ಅವಳ ಲೆಕ್ಕ ನವನಗರಕ್ಕೆ. ಊರಲ್ಲಿ ಅಪ್ಪ-ಅವ್ವ ‘ಮಗಳೂ ನಮ್ಮ ಮನೆಯವಳೇ’ ಎಂದು ಬರೆಸಿದರೆ ಒಬ್ಬಳೇ ಎರಡು ಕಡೆ ಸೇರುತ್ತಾಳೆ. ಅವರು ಇಲ್ಲಿ ಬರೆಸುತ್ತಾರೆ ಅಂತ ಇವರು, ಇವರು ಬರೆಸುತ್ತಾರೆ ಅಂತ ಅವರು ಬಿಟ್ಟರೆ ಎಲ್ಲಿಯೂ ಸೇರುವುದಿಲ್ಲ.

‘ಮಾಹಿತಿ ಕೊಟ್ಟರೆ ತೊಂದರೆ’ ಎಂಬ ಸಂದೇಶಗಳಿಗೂ ಹೆದರಬೇಡಿ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನೀವು ಕೊಟ್ಟ ವೈಯಕ್ತಿಕ ವಿವರವನ್ನು ಬೇರೆಯವರು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಗಣತಿಗೆ ಹಣ ಕೊಡಬೇಕಿಲ್ಲ. ಗಣತಿದಾರರೆಂದು ಹೇಳಿಕೊಂಡು ಯಾರಾದರೂ ಹಣ ಅಥವಾ ಬ್ಯಾಂಕ್ ಖಾತೆಯ ವಿವರ ಕೇಳಿದರೆ ಕೊಡಬೇಡಿ, ಪೊಲೀಸರಿಗೆ ತಿಳಿಸಿ.

ಮುಂದಿನ ಸಲ ಜನಸಂಖ್ಯೆಯ ಫಾರ್ವರ್ಡ್ ಬಂದಾಗ ಮೂರೇ ಪ್ರಶ್ನೆ: ಯಾರು, ಯಾವಾಗ ಎಣಿಸಿದರು? ಎಣಿಕೆಯೋ, ಅಂದಾಜೋ? ಯಾವ ಗಡಿ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.